ಅನ್ನಮಯವನ್ನು ಕೀಳೆಂದವರು ಯಾರು?

‘ನೀನು ಈ ದೇಹವಲ್ಲ. ಇದು ಬರೀ ಅನ್ನಮಯ ಕೋಶ, ಮೇಲಿನ ಹೊಟ್ಟು.’ ಈ ಮಾತು ಈಗ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಬೆಳಗಿನ ಟಿ.ವಿ. ಪ್ರವಚನದಲ್ಲಿ ಬೀಳುತ್ತದೆ, ಯೋಗ ಶಿಬಿರದ ಶವಾಸನದಲ್ಲಿ ಬೀಳುತ್ತದೆ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವವರ ಬಾಯಲ್ಲೂ ಬೀಳುತ್ತದೆ. ಮನುಷ್ಯನಿಗೆ ಐದು ಪದರ: ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ. ಮೊದಲನೆಯದು ಎಲ್ಲಕ್ಕಿಂತ ಕೀಳು, ಕೊನೆಯದು ಎಲ್ಲಕ್ಕಿಂತ ಮೇಲು. ಕೆಳಗಿನದನ್ನು ಬಿಡುತ್ತಾ ಮೇಲಕ್ಕೆ ಹೋಗುವುದೇ ಸಾಧನೆ. ಹೇಳುವವರು ಹೀಗೆ ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ಯಾರೂ ಎದ್ದು ನಿಂತು ‘ಇದನ್ನು ಎಲ್ಲಿ ಓದಿದಿರಿ?’ ಎಂದು ಕೇಳುವುದಿಲ್ಲ.

ನಾನು ಕೇಳುತ್ತೇನೆ. ಈ ಬೋಧನೆ ಉಪನಿಷತ್ತಿಗೆ ಮಾಡಿದ ದ್ರೋಹ. ಹಸಿದವರ ವಿಷಯದಲ್ಲಿ ಕ್ರೌರ್ಯ, ಕಾಯಿಲೆ ಬಿದ್ದವರಿಗೆ ಅಪಾಯ, ಮೈಮುರಿದು ದುಡಿಯುವವರಿಗೆ ಅವಮಾನ. ವೇದಾಂತದ ಹೆಸರಿನಲ್ಲಿ ನಡೆಯುತ್ತಿರುವುದರಿಂದ ಇದನ್ನು ಪ್ರಶ್ನಿಸಲು ಎಲ್ಲರಿಗೂ ಸಂಕೋಚ. ಆ ಸಂಕೋಚವೇ ಇದನ್ನು ಇಷ್ಟು ಕಾಲ ಸಾಕಿದೆ.

ಮೊದಲು ಮೂಲಕ್ಕೇ ಹೋಗೋಣ. ಐದು ಪದರಗಳ ವಿಚಾರ ಬರುವುದು ಕೃಷ್ಣ ಯಜುರ್ವೇದಕ್ಕೆ ಸೇರಿದ ತೈತ್ತಿರೀಯ ಉಪನಿಷತ್ತಿನಲ್ಲಿ. ಅದಕ್ಕೆ ಮೂರು ವಲ್ಲಿಗಳು: ಶಿಕ್ಷಾವಲ್ಲಿ, ಬ್ರಹ್ಮಾನಂದವಲ್ಲಿ, ಭೃಗುವಲ್ಲಿ. ಎರಡನೆಯದಾದ ಬ್ರಹ್ಮಾನಂದವಲ್ಲಿಯಲ್ಲಿ ಗುರು ಮೊಟ್ಟಮೊದಲಿಗೆ ಅನ್ನದ ಸಾರದಿಂದಾದ ಪುರುಷನನ್ನು ತೋರಿಸುತ್ತಾನೆ. ಇದೇ ಇವನ ತಲೆ, ಇದು ಬಲಭಾಗ, ಇದು ಎಡಭಾಗ ಎಂದು ಹೇಳುತ್ತಾ ಹೋಗುತ್ತಾನೆ. ಎದುರಿಗೆ ಕೂತ ಶಿಷ್ಯನಿಗೆ ತನ್ನ ಮೈಯನ್ನೇ ಮುಟ್ಟಿ ತೋರಿಸುವವನ ಮಾತಿನ ಧಾಟಿ ಅದು. ಬ್ರಹ್ಮವನ್ನು ಕುರಿತ ಪಾಠ ಶುರುವಾಗುವುದು ಒಂದು ತಲೆ, ಎರಡು ತೋಳು, ಒಂದು ನಡುವಿನಿಂದ. ಆ ದೇಹವನ್ನು ಅಲ್ಲಿ ಆತ್ಮ ಎಂದೇ ಕರೆದಿದೆ. ಅದರೊಳಗಿನ ಪ್ರಾಣಮಯವೂ ಆತ್ಮ, ಅದರೊಳಗಿನ ಮನೋಮಯವೂ ಆತ್ಮ. ಐದನ್ನೂ ಕಳಚಿಹಾಕಬೇಕಾದ ಹೊದಿಕೆಗಳಾಗಿ ವಿವರಿಸಿದ್ದು ಮುಂದೆ ಬಂದ ವ್ಯಾಖ್ಯಾನಗಳು, ಪ್ರಕರಣ ಗ್ರಂಥಗಳು.

ಅಷ್ಟೇ ಅಲ್ಲ. ಒಳಗಿನ ಒಂದೊಂದು ಆತ್ಮವೂ ಹೊರಗಿನದನ್ನು ತುಂಬಿಕೊಂಡಿದೆ ಎನ್ನುತ್ತದೆ ಆ ಉಪನಿಷತ್ತು. ಹೊರಗಿನದು ಮನುಷ್ಯಾಕಾರವಾಗಿರುವುದರಿಂದಲೇ ಒಳಗಿನದೂ ಮನುಷ್ಯಾಕಾರವನ್ನು ಪಡೆದಿದೆ ಎನ್ನುತ್ತದೆ. ಅಂದರೆ ಪ್ರಾಣಕ್ಕೆ ರೂಪ ಕೊಟ್ಟದ್ದು ದೇಹ, ಮನಸ್ಸಿಗೆ ರೂಪ ಕೊಟ್ಟದ್ದು ಪ್ರಾಣ. ತುಂಬಿ ನಿಂತದ್ದನ್ನು ಖಾಲಿ ಸಿಪ್ಪೆ ಎನ್ನುವುದು ಯಾವ ಓದು? ರೂಪ ಕೊಟ್ಟದ್ದನ್ನು ಹೀಗಳೆಯುವುದು ಯಾವ ವಿವೇಕ? ಅನ್ನವನ್ನು ಎಲ್ಲ ಜೀವಿಗಳಿಗಿಂತ ಹಿರಿಯದು, ಎಲ್ಲಕ್ಕೂ ಔಷಧ ಎಂದು ಹೊಗಳಿದ ಪಠ್ಯ ಅದು. ಅನ್ನವನ್ನು ಹಿರಿಯನೆಂದು ಕರೆದ ಋಷಿಯ ಬಾಯಲ್ಲಿ, ಅನ್ನದಿಂದಾದದ್ದು ಕೀಳು ಎಂಬ ಮಾತನ್ನು ತುರುಕಿದವರು ಯಾರು?

ಎರಡನೆಯ ಆಪಾದನೆ ಇನ್ನೂ ಗಂಭೀರ. ಇವರು ಪಾಠವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಭೃಗುವಲ್ಲಿಯಲ್ಲಿ ವರುಣನ ಮಗ ಭೃಗು ತಂದೆಯ ಬಳಿಗೆ ಹೋಗಿ ಬ್ರಹ್ಮವನ್ನು ಹೇಳಿಕೊಡು ಎಂದು ಕೇಳುತ್ತಾನೆ. ತಪಸ್ಸಿನಿಂದ ನೀನೇ ತಿಳಿ ಎನ್ನುತ್ತಾನೆ ತಂದೆ. ಮಗ ತಪಸ್ಸು ಮಾಡಿ ಅನ್ನವೇ ಬ್ರಹ್ಮ ಎಂದು ಕಾಣುತ್ತಾನೆ. ಮತ್ತೆ ಬರುತ್ತಾನೆ, ಮತ್ತೆ ತಪಸ್ಸಿಗೆ ಹೋಗುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ನಮ್ಮ ಪ್ರವಚನಕಾರರು ಇಲ್ಲಿಗೆ ಮಂಗಳ ಹಾಡುತ್ತಾರೆ. ಉಪನಿಷತ್ತು ಇಲ್ಲಿಗೆ ಮುಗಿಯುವುದಿಲ್ಲ. ಆನಂದವನ್ನು ಕಂಡ ಮರುಗಳಿಗೆಯಲ್ಲೇ ಅದು ಅನ್ನಕ್ಕೆ ಮರಳಿ ಬರುತ್ತದೆ. ಅನ್ನವನ್ನು ನಿಂದಿಸಬಾರದು, ಅದು ವ್ರತ. ಅನ್ನವನ್ನು ತಿರಸ್ಕರಿಸಬಾರದು, ಅದು ವ್ರತ. ಅನ್ನವನ್ನು ಹೆಚ್ಚಿಸಬೇಕು, ಅದು ವ್ರತ. ಮನೆಗೆ ಬಂದ ಯಾರನ್ನೂ ಹಿಂದೆ ಕಳಿಸಬಾರದು, ಅದೂ ವ್ರತ. ಆದ್ದರಿಂದ ಹೇಗಾದರೂ ಮಾಡಿ ಹೇರಳವಾಗಿ ಅನ್ನವನ್ನು ದೊರಕಿಸಿಕೊಳ್ಳಬೇಕು. ಪ್ರಾಣ ದೇಹದಲ್ಲಿ ನೆಲೆಸಿದೆ, ದೇಹ ಪ್ರಾಣದಲ್ಲಿ ನೆಲೆಸಿದೆ ಎಂಬ ಮಾತೂ ಅಲ್ಲೇ ಇದೆ. ಎಲ್ಲವನ್ನೂ ಅರಿತವನು ಅನ್ನಮಯದಿಂದ ಆನಂದಮಯದವರೆಗೆ ಒಂದೊಂದು ಆತ್ಮವನ್ನೂ ಹೊಂದಿ, ಆಮೇಲೆ ಲೋಕಗಳಲ್ಲಿ ಸಂಚರಿಸುತ್ತಾ ಸಾಮಗಾನ ಮಾಡುತ್ತಾನೆ. ಆ ಗಾನದಲ್ಲಿ ಅವನು ಸಾರುವುದು ತಾನೇ ಅನ್ನ, ಅನ್ನವನ್ನು ಉಣ್ಣುವವನೂ ತಾನೇ ಎಂಬುದನ್ನು. ಐದೂ ಮೆಟ್ಟಿಲು ದಾಟಿದವನ ಕೊನೆಯ ಹಾಡು ಅನ್ನದ ಹಾಡು!

ಇದನ್ನು ಓದಿದವರು ‘ಅನ್ನಮಯ ಕೋಶ ತುಚ್ಛ’ ಎಂದು ವೇದಿಕೆಯಲ್ಲಿ ಹೇಳಲು ಹೇಗೆ ಸಾಧ್ಯ? ಓದದೆ ಹೇಳುತ್ತಿದ್ದರೆ ಅದು ಸೋಮಾರಿತನ. ಓದಿಯೂ ಹೇಳುತ್ತಿದ್ದರೆ ಅದು ಅಪ್ರಾಮಾಣಿಕತೆ. ಮೂರನೆಯ ಸಾಧ್ಯತೆ ನನಗೆ ಕಾಣುತ್ತಿಲ್ಲ.

‘ಎಲ್ಲ ಆಚಾರ್ಯರೂ ಹೇಳಿದ್ದು ಇದನ್ನೇ’ ಎಂಬ ಸಮರ್ಥನೆ ತಕ್ಷಣ ಬರುತ್ತದೆ. ಇದೂ ಸುಳ್ಳು. ಈ ಐದರ ವಿಷಯದಲ್ಲಿ ಆಚಾರ್ಯರ ನಡುವೆ ನಡೆದಷ್ಟು ವಾದ ಇನ್ನೊಂದು ವಿಷಯದಲ್ಲಿ ನಡೆದಿದ್ದರೆ ಅಪರೂಪ. ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೊದಲ ಪಾದದಲ್ಲೇ ಆನಂದಮಯಾಧಿಕರಣವಿದೆ. ಆನಂದಮಯವೂ ಬ್ರಹ್ಮವಲ್ಲ, ಅದಕ್ಕೆ ಆಧಾರವಾಗಿರುವುದು ಬ್ರಹ್ಮ ಎಂಬುದು ಶಂಕರರ ಕೊನೆಯ ನಿಲುವು. ಆನಂದಮಯನೇ ಪರಬ್ರಹ್ಮ ಎಂದರು ರಾಮಾನುಜರು. ನಮ್ಮ ಉಡುಪಿಯ ಮಧ್ವಾಚಾರ್ಯರು ಇನ್ನೂ ಮುಂದೆ ಹೋಗಿ, ಅನ್ನಮಯದಿಂದ ಹಿಡಿದು ಐದೂ ಹೆಸರುಗಳು ವಿಷ್ಣುವನ್ನೇ ಹೇಳುತ್ತವೆ ಎಂದರು. ಅನ್ನಮಯದಲ್ಲಿ ಅನಿರುದ್ಧ, ಪ್ರಾಣಮಯದಲ್ಲಿ ಪ್ರದ್ಯುಮ್ನ, ಮನೋಮಯದಲ್ಲಿ ಸಂಕರ್ಷಣ, ವಿಜ್ಞಾನಮಯದಲ್ಲಿ ವಾಸುದೇವ, ಆನಂದಮಯದಲ್ಲಿ ನಾರಾಯಣ. ಭಗವಂತನ ರೂಪಗಳಲ್ಲಿ ಮೇಲುಕೀಳಿಲ್ಲ ಎಂಬುದು ಅವರ ಸಿದ್ಧಾಂತದ ಬುಡ. ಹಾಗಾದರೆ ಅನ್ನಮಯ ಹೇಗೆ ಕೀಳಾಯಿತು? ಕರಾವಳಿಯ ಮಣ್ಣಿನಲ್ಲಿ ಹುಟ್ಟಿದ ಒಂದು ದೊಡ್ಡ ದರ್ಶನ ಅನ್ನಮಯದಲ್ಲಿ ದೇವರನ್ನು ಕಂಡಿರುವಾಗ, ‘ಹಿಂದೂ ತತ್ತ್ವಶಾಸ್ತ್ರವೆಲ್ಲ ದೇಹವನ್ನು ತೊರೆಯಲು ಹೇಳುತ್ತದೆ’ ಎಂದು ಕನ್ನಡದ ವೇದಿಕೆಗಳಲ್ಲೇ ಹೇಳುವುದು ಎಂಥ ಮರೆವು! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ದೇಹವನ್ನೇ ಗುಡಿಯಾಗಿ ಕಂಡರು. ದಾಸೋಹವನ್ನು ಶರಣರು ಧರ್ಮದ ನಡುಮನೆಗೇ ತಂದರು. ಅದನ್ನೂ ಮರೆತೆವೇ?

ಶಂಕರರನ್ನು ಮುಂದಿಟ್ಟುಕೊಂಡು ಮಾತಾಡುವವರಿಗೂ ಒಂದು ಮಾತು. ಹಲವು ಹೊಟ್ಟುಗಳ ಒಳಗಿರುವ ಹಾರಕದ ಅಕ್ಕಿಯನ್ನು ಬಿಡಿಸುವಂತೆ ಐದು ಕೋಶಗಳನ್ನು ಬಿಡಿಸಿ ಒಳಗಿನ ಆತ್ಮವನ್ನು ತೋರಿಸುವುದು ಎಂಬ ಹೋಲಿಕೆ ಅವರ ತೈತ್ತಿರೀಯ ಭಾಷ್ಯದಲ್ಲಿದೆ, ನಿಜ. ಆದರೆ ಹಾರಕ ಬೆಳೆದ ಯಾವ ರೈತನನ್ನಾದರೂ ಕೇಳಿ. ಹೊಟ್ಟಿಲ್ಲದೆ ಕಾಳು ಬಲಿಯುವುದುಂಟೇ? ಹೊಟ್ಟು ತೆಗೆದ ಅಕ್ಕಿಯನ್ನು ಬಿತ್ತಿದರೆ ಪೈರು ಬರುವುದುಂಟೇ? ಹೊಟ್ಟನ್ನು ಬಿಡಿಸುವುದಕ್ಕೆ ಒಂದು ಕಾಲವಿದೆ, ಅದು ಕಾಳು ಬಲಿತ ಮೇಲಿನ ಕಾಲ. ಶಂಕರರು ಈ ವಿಚಾರವನ್ನು ಹೇಳಿದ್ದು ಶಮ, ದಮ, ವೈರಾಗ್ಯಗಳನ್ನು ಸಾಧಿಸಿದ ಮುಮುಕ್ಷುವಿಗೆ. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ವಿದ್ಯಾರಣ್ಯರು ‘ಪಂಚದಶೀ’ಯಲ್ಲಿ ಈ ವಿಚಾರಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟರು. ಅದರ ಹೆಸರು ಪಂಚಕೋಶವಿವೇಕ. ಬೇರೆ ಮಾಡಿ ಅರಿಯುವುದು ಅಲ್ಲಿನ ಕೆಲಸ, ಕೆಡವಿ ಬಿಸಾಡುವುದಲ್ಲ. ಎಳೆ ತೆನೆಯಿರುವಾಗಲೇ ಹೊಟ್ಟು ಕೀಳುವ ಕೆಲಸವನ್ನು ಇವರಿಬ್ಬರೂ ಯಾರಿಗೂ ಹೇಳಿಕೊಡಲಿಲ್ಲ. ಸಂನ್ಯಾಸಿಗೆ ಹೇಳಿದ್ದನ್ನು ಶಾಲೆಯ ಮಗುವಿಗೆ, ಬಾಣಂತಿಗೆ, ಕೂಲಿಯವನಿಗೆ ಹೇಳುವುದು ಶಂಕರರ ಅನುಸರಣೆಯಲ್ಲ, ಅವರ ಹೆಸರಿನ ದುರುಪಯೋಗ.

ಈಗ ಇದರ ಫಲ ಏನಾಗಿದೆ ನೋಡಿ. ಅದಕ್ಕೆ ಮೊದಲು ಒಂದು ಕಥೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಒಂದು ಪ್ರಯೋಗ ಮಾಡಿಸುತ್ತಾನೆ. ಹದಿನೈದು ದಿನ ಊಟ ಮಾಡಬೇಡ, ನೀರು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು ವೇದಗಳನ್ನೆಲ್ಲ ಕಲಿತು, ಅದರ ಗರ್ವವನ್ನೂ ಹೊತ್ತು ಮನೆಗೆ ಬಂದಿದ್ದ ಹುಡುಗ. ಹದಿನಾರನೆಯ ದಿನ ಬಂದು ಕೂರುತ್ತಾನೆ. ಋಕ್ಕು, ಯಜುಸ್ಸು, ಸಾಮಗಳನ್ನು ಹೇಳು ಎನ್ನುತ್ತಾನೆ ಅಪ್ಪ. ಮಗನಿಗೆ ಒಂದೂ ಹೊಳೆಯುವುದಿಲ್ಲ. ದೊಡ್ಡ ಬೆಂಕಿ ಆರಿ ಮಿಣುಕುಹುಳದಷ್ಟು ಕೆಂಡ ಉಳಿದರೆ ಅದು ಎಷ್ಟನ್ನು ಸುಟ್ಟೀತು, ನಿನ್ನ ಹದಿನಾರು ಕಲೆಗಳಲ್ಲಿ ಈಗ ಉಳಿದಿರುವುದು ಒಂದೇ, ಹೋಗಿ ಊಟ ಮಾಡು ಎನ್ನುತ್ತಾನೆ ಉದ್ದಾಲಕ. ಹುಡುಗ ಉಂಡು ಬರುತ್ತಾನೆ. ಕೇಳಿದ್ದೆಲ್ಲಕ್ಕೂ ಉತ್ತರ ಬರುತ್ತದೆ. ಮನಸ್ಸು ಅನ್ನದಿಂದ ಆದದ್ದು ಎಂಬುದು ಆಗ ಅವನಿಗೆ ಅರ್ಥವಾಗುತ್ತದೆ. ವೇದವೇ ಮರೆತುಹೋಗುವಷ್ಟು ಬಲ ಹಸಿವಿಗಿದೆ ಎಂದು ವೇದವೇ ಹೇಳಿದೆ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಯಾರು ಹೇಳಬೇಕಿತ್ತು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ಈ ಮಕ್ಕಳೆಲ್ಲ ಅನ್ನವಿಲ್ಲದ ಶ್ವೇತಕೇತುಗಳು. ಇವರ ಸ್ಲೇಟಿನ ಮೇಲೆ ಅಕ್ಷರ ನಿಲ್ಲದಿದ್ದರೆ ತಪ್ಪು ಬುದ್ಧಿಯದಲ್ಲ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು, ಮರುವರ್ಷ ನಮ್ಮಲ್ಲಿ ಅಕ್ಷರ ದಾಸೋಹ ಬಂತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ವಿರೋಧಿಸಿ ನಿಂತವರಲ್ಲಿ ಮಠಾಧೀಶರಿದ್ದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣಿನ ವ್ಯವಸ್ಥೆ ಇತ್ತು. ಆದರೂ ತಿನ್ನುವ ಮಗುವಿನ ತಟ್ಟೆಗೂ ಮೊಟ್ಟೆ ಬೀಳಬಾರದು ಎಂಬ ಹಟ. ಅನ್ನವನ್ನು ನಿಂದಿಸಬಾರದು ಎಂಬ ವ್ರತವನ್ನು ಹೇಳಿಕೊಡಬೇಕಾದವರೇ ಹಸಿದ ಮಗುವಿನ ಅನ್ನವನ್ನು ನಿಂದಿಸಿದರು. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಚಿಕ್ಕ ಮಕ್ಕಳ ಶಿಕ್ಷಣಕ್ಕೆ ಪಂಚಕೋಶ ವಿಕಾಸದ ಕಲ್ಪನೆಯನ್ನು ತಂದಿದೆ. ಒಳ್ಳೆಯದು. ಆದರೆ ಮೊದಲ ಕೋಶಕ್ಕೆ ಬೇಕಾದ ಹಾಲು, ಬೇಳೆ, ಮೊಟ್ಟೆ, ಸೊಪ್ಪು ತಟ್ಟೆಗೆ ಬರದೆ ಉಳಿದ ನಾಲ್ಕು ಕೋಶಗಳನ್ನು ಗೋಡೆಯ ಚಿತ್ರಪಟದಲ್ಲಿ ಬೆಳೆಸಲು ಹೊರಟರೆ ಅದು ಮಕ್ಕಳಿಗೆ ಮಾಡುವ ಮೋಸ.

ಇನ್ನೊಂದು ಆಪಾದನೆಯನ್ನು ಹೇಳಲೇಬೇಕು. ಕೋಶಗಳಲ್ಲಿ ಮಾಡಿದ ಮೇಲುಕೀಳು ಕೋಶಗಳಲ್ಲಿ ನಿಲ್ಲಲಿಲ್ಲ, ಮನುಷ್ಯರಿಗೂ ಇಳಿಯಿತು. ದೇಹ ಕೀಳಾದರೆ ದೇಹದ ಕೆಲಸ ಕೀಳು. ದೇಹದ ಕೆಲಸ ಕೀಳಾದರೆ ಅದನ್ನು ಮಾಡುವವರು ಕೀಳು. ಉಳುವವರು, ಬೇಯಿಸುವವರು, ಎಲೆ ಎತ್ತುವವರು, ಮೈಲಿಗೆ ಬಟ್ಟೆ ಒಗೆಯುವವರು, ಹೆರಿಗೆ ಮಾಡಿಸುವವರು, ಹೆಣ ಹೊರುವವರು, ಚರಂಡಿ ಬಳಿಯುವವರು, ಎಲ್ಲರೂ ಅನ್ನಮಯದ ಸೇವಕರು. ಆನಂದಮಯವನ್ನು ಕುರಿತು ಮಾತಾಡುವವರು ಮಾತ್ರ ಪೀಠದ ಮೇಲೆ. ಮನುಷ್ಯರ ಕೈಯಿಂದ ಮಲ ಹೊರಿಸುವುದನ್ನು ನಿಷೇಧಿಸಲು ನಮಗೆ 2013ರಲ್ಲೂ ಹೊಸ ಕಾನೂನು ಬೇಕಾಯಿತು. ಆಮೇಲೂ ಮಲಗುಂಡಿಗೆ ಇಳಿದು ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವ ಹೆಂಗಸರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಕೂರಬೇಕಾಗಿದೆ. ಅನ್ನಬ್ರಹ್ಮ ಎನ್ನುವ ನಾಡಿನಲ್ಲಿ ಅನ್ನ ಬೇಯಿಸುವವರ ಗತಿ ಇದು.

ಒಂದು ಪ್ರವಚನ ಮುಗಿದ ಮೇಲೆ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅಡುಗೆಮನೆಯಿಂದ ಬಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಉಪನ್ಯಾಸಕರ ಮುಂದೆ ನಿಂತರು. ‘ಸ್ವಾಮಿ, ಮಂಡಿ ತುಂಬಾ ನೋಯ್ತದೆ, ಕೂತ್ರೆ ಏಳಕ್ಕಾಗಲ್ಲ’ ಎಂದರು. ‘ತಾಯಿ, ನೋವು ಅನ್ನಮಯ ಕೋಶದ್ದು, ನಿಮ್ಮದಲ್ಲ. ನೀವು ಸಾಕ್ಷಿಯಾಗಿ ನೋಡಿ’ ಎಂದರು ಅವರು. ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೆಳಗ್ಗೆ ನಾಲ್ಕಕ್ಕೆದ್ದು ಇಷ್ಟು ಜನಕ್ಕೆ ಅಡುಗೆ ಮಾಡೋಳು ನಾನೇ ಅಲ್ವಾ ಸ್ವಾಮಿ’ ಎಂದರು. ಸುತ್ತ ಇದ್ದವರು ನಕ್ಕು ಆಕೆಯನ್ನು ಪಕ್ಕಕ್ಕೆ ಸರಿಸಿದರು. ಆ ಹೆಂಗಸಿಗೆ ಬೇಕಾಗಿದ್ದದ್ದು ಒಂದು ಎತ್ತರದ ಸ್ಟೂಲು, ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಒಬ್ಬ ಮನುಷ್ಯ, ವಾರಕ್ಕೊಂದು ರಜೆ. ಸಿಕ್ಕಿದ್ದು ಸಾಕ್ಷಿಭಾವ. ಆಕೆ ಮಾಡಿದ ಅಡುಗೆಯನ್ನು ಉಂಡ ಯಾರಿಗೂ ಆಕೆಯ ಮಂಡಿ ಬ್ರಹ್ಮವಿದ್ಯೆಯ ವಿಷಯವೆಂದು ಅನ್ನಿಸಲಿಲ್ಲ.

ಮನಸ್ಸಿನ ಕಾಯಿಲೆಯವರ ಪಾಡು ಇದಕ್ಕಿಂತ ಕಷ್ಟ. ಖಿನ್ನತೆಯಲ್ಲಿ ಮುಳುಗಿದವರಿಗೆ ‘ಇದು ಮನೋಮಯದ ಆಟ, ನೀನು ಅದಕ್ಕಿಂತ ಮೇಲೆ’ ಎಂದು ಹೇಳಿ ಕಳಿಸುವ ಮನೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ಇದಕ್ಕೆ ಬಡತನ, ಆಸ್ಪತ್ರೆಗಳ ಕೊರತೆ, ನಾಚಿಕೆ ಹೀಗೆ ಕಾರಣಗಳು ಹಲವು. ಅದರ ಮೇಲೆ ಅಧ್ಯಾತ್ಮದ ಹೆಸರಿನಲ್ಲಿ ಇನ್ನೊಂದು ಬಾಗಿಲನ್ನೂ ಮುಚ್ಚಬೇಕೇ? ಮಾತ್ರೆಯಿಂದ ವಾಸಿಯಾಗುವ ನೋವನ್ನು ಮಂತ್ರದಿಂದ ಮುಚ್ಚಿದವರು, ಆ ಜೀವ ಹೋದ ಮೇಲೆ ‘ಆತ್ಮಕ್ಕೆ ಸಾವಿಲ್ಲ’ ಎಂದು ಸಂತಾಪ ಹೇಳಲು ಯಾವ ಮುಖದಿಂದ ಬರುತ್ತಾರೆ?

‘ದೇಹವೇ ತಾನೆಂದುಕೊಂಡವನು ಅಸುರ ವಿರೋಚನ, ಅದನ್ನು ಮರೆಯಬೇಡಿ’ ಎನ್ನುವವರಿದ್ದಾರೆ. ಮರೆತಿಲ್ಲ. ಛಾಂದೋಗ್ಯದ ಎಂಟನೆಯ ಅಧ್ಯಾಯದಲ್ಲಿ ಇಂದ್ರ, ವಿರೋಚನ ಇಬ್ಬರೂ ಪ್ರಜಾಪತಿಯ ಬಳಿಗೆ ಹೋಗುತ್ತಾರೆ. ನೀರಿನ ಪಾತ್ರೆಯಲ್ಲಿ ಕಂಡ ತನ್ನ ಅಲಂಕೃತ ಬಿಂಬವನ್ನೇ ಆತ್ಮವೆಂದುಕೊಂಡು ವಿರೋಚನ ತೃಪ್ತನಾಗಿ ಹೊರಟುಬಿಡುತ್ತಾನೆ. ಇಂದ್ರ ದಾರಿಯಿಂದ ಹಿಂದಿರುಗಿ ಬರುತ್ತಾನೆ. ಏಕೆ? ಈ ಮೈ ಕುರುಡಾದರೆ, ಕುಂಟಾದರೆ, ನಾಶವಾದರೆ ಆತ್ಮಕ್ಕೂ ಅದೇ ಗತಿಯಲ್ಲವೇ ಎಂಬ ಅಳುಕು ಅವನಿಗೆ. ದೇಹದ ನೋವನ್ನು ನೆನೆದವನಿಗೇ ಮುಂದಿನ ಪಾಠ ಸಿಕ್ಕಿತು. ವಿರೋಚನನ ಕಣ್ಣಿಗೆ ಬಿದ್ದದ್ದು ಅಲಂಕಾರ ಮಾತ್ರ. ಆ ಕಥೆ ಅಸುರನ ಗುರುತನ್ನೂ ಹೇಳುತ್ತದೆ: ಕೊಡದವನು, ಶ್ರದ್ಧೆಯಿಲ್ಲದವನು, ಯಜ್ಞ ಮಾಡದವನು. ಕೊಡದಿರುವುದೇ ಅಲ್ಲಿ ಮೊದಲ ಗುರುತು. ತನ್ನ ದೇಹವೊಂದನ್ನೇ ಪೂಜಿಸಿ ಇನ್ನೊಬ್ಬರ ಹಸಿವಿಗೆ ಕೈ ಚಾಚದಿರುವುದು ಅಸುರತನ. ಆ ಅಳತೆಯಲ್ಲಿ ತೂಗಿದರೆ, ಉಂಡು ತುಂಬಿದ ಹೊಟ್ಟೆಯಲ್ಲಿ ಕೂತು ಹಸಿದವರಿಗೆ ‘ನೀನು ದೇಹವಲ್ಲ’ ಎನ್ನುವವರು ಯಾವ ಪಕ್ಷಕ್ಕೆ ಸೇರುತ್ತಾರೆ?

ಹಸಿದ ಜನಕ್ಕೆ ಧರ್ಮಬೋಧೆ ಕೊಡುವುದು ಅವರಿಗೆ ಮಾಡುವ ಅವಮಾನ ಎಂದು ಸ್ವಾಮಿ ವಿವೇಕಾನಂದರು 1893ರ ಷಿಕಾಗೋ ಸಮ್ಮೇಳನದಲ್ಲೇ ಹೇಳಿದರು. ಅವರ ಭಾವಚಿತ್ರವನ್ನು ವೇದಿಕೆಯ ಹಿಂದೆ ತೂಗುಹಾಕಿಕೊಂಡವರು ಆ ಮಾತನ್ನು ಎಂದು ಕೇಳಿಸಿಕೊಳ್ಳುತ್ತಾರೆ? ಶಿಕ್ಷಾವಲ್ಲಿಯ ಗುರು ತನಗೆ ಬಟ್ಟೆ, ಗೋವು, ಅನ್ನಪಾನ ಸದಾ ಇರಲಿ, ತನ್ನ ಶರೀರ ಚುರುಕಾಗಿರಲಿ ಎಂದು ಪ್ರಾರ್ಥಿಸುತ್ತಾನೆ. ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಕ್ಷೇಮವನ್ನು ಕಡೆಗಣಿಸಬೇಡ, ಏಳಿಗೆಯನ್ನು ಕಡೆಗಣಿಸಬೇಡ ಎಂದು ಬುದ್ಧಿ ಹೇಳುತ್ತಾನೆ. ಇಷ್ಟು ಆರೋಗ್ಯವಂತ, ಇಷ್ಟು ಉದಾರ ದರ್ಶನವನ್ನು ನಾವು ದೇಹದ್ವೇಷದ ಪಾಠವಾಗಿ ಕುಗ್ಗಿಸಿದ್ದೇವೆ.

ಇದು ನಿಲ್ಲಬೇಕು. ಪಂಚಕೋಶವನ್ನು ಬೋಧಿಸುವವರು ಇನ್ನು ಮುಂದೆ ಭೃಗುವಲ್ಲಿಯನ್ನು ಕೊನೆಯ ಅನುವಾಕದವರೆಗೆ ಬೋಧಿಸಲಿ, ಇಲ್ಲವೇ ಆ ವಿಷಯವನ್ನು ಎತ್ತದಿರಲಿ. ಮಠಗಳು ತಮ್ಮ ಅಡುಗೆಮನೆಯವರಿಗೆ ನ್ಯಾಯವಾದ ಸಂಬಳ, ರಜೆ, ಚಿಕಿತ್ಸೆ ಕೊಡಲಿ. ಬೇಯಿಸಿದವರನ್ನೂ ಎಲೆ ಎತ್ತುವವರನ್ನೂ ಉಂಡವರ ಸಾಲಿನಲ್ಲೇ ಕೂರಿಸಿ ಬಡಿಸಲಿ. ಮಕ್ಕಳ ತಟ್ಟೆಗೆ ಬೀಳುವ ಯಾವ ಪೌಷ್ಟಿಕ ಆಹಾರಕ್ಕೂ ಧರ್ಮದ ಹೆಸರಿನಲ್ಲಿ ಅಡ್ಡ ಬರುವುದನ್ನು ಬಿಡಲಿ. ಸರ್ಕಾರ ಪಂಚಕೋಶವನ್ನು ಪಠ್ಯಕ್ರಮಕ್ಕೆ ತಂದಿದ್ದರೆ ಅಂಗನವಾಡಿಗೂ ಬಿಸಿಯೂಟಕ್ಕೂ ಆ ಲೆಕ್ಕದಲ್ಲೇ ಹಣ ಕೊಡಲಿ. ಮನೆಯಲ್ಲಿ ಯಾರಾದರೂ ನೋವು ಹೇಳಿಕೊಂಡರೆ ಕೋಶದ ಮಾತು ಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಳುವವರಿಗೂ ಒಂದು ಹೊಣೆಯಿದೆ. ಮುಂದಿನ ಸಲ ಯಾರಾದರೂ ವೇದಿಕೆಯಿಂದ ಅನ್ನಮಯ ತುಚ್ಛವೆಂದರೆ ತಲೆದೂಗಬೇಡಿ. ಎದ್ದು ನಿಂತು, ಆನಂದವನ್ನು ಕಂಡ ಮೇಲೆ ಉಪನಿಷತ್ತು ಎಲ್ಲಿಗೆ ಮರಳಿತು ಎಂದು ಕೇಳಿ. ಉತ್ತರ ಬರುವವರೆಗೆ ಕೂರಬೇಡಿ. ಹಸಿದವರೊಬ್ಬರೂ ಇಲ್ಲದ ಊರನ್ನು ಕಟ್ಟುವ ಕೆಲಸಕ್ಕೆ ಕೈಹಾಕದ ವೇದಾಂತಕ್ಕೆ, ಅನ್ನವನ್ನೇ ಬ್ರಹ್ಮವೆಂದು ಕಂಡ ಉಪನಿಷತ್ತಿನ ಹೆಸರು ಹೇಳುವ ಹಕ್ಕಿಲ್ಲ.